ಹೊಲಕ್ಕಷ್ಟೇ ರೊಕ್ಕ

ಸ್ಕಾಟ್ಲೆಂಡಿನ ಕಾನೂನಿನಲ್ಲಿ ಸಾಲ್ಮನ್ ಮೀನು ಹಿಡಿಯುವ ಹಕ್ಕು ಹೊಲ, ಮನೆ, ತೋಟಗಳಂತೆಯೇ ಒಂದು ಸ್ಥಿರಾಸ್ತಿ. ದಂಡೆಯ ನೆಲ ಒಬ್ಬರದಾಗಿದ್ದು, ಅದರ ಮುಂದೆ ಹರಿಯುವ ನೀರಿನಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ಮತ್ತೊಬ್ಬರದಾಗಿರುವುದು ಅಲ್ಲಿ ಸಾಧ್ಯ. ಆ ಹಕ್ಕನ್ನು ಪ್ರತ್ಯೇಕವಾಗಿ ಮಾರಬಹುದು, ಮಕ್ಕಳ ಹೆಸರಿಗೆ ಬರೆದಿಡಬಹುದು. ಟ್ವೀಡ್, ಟೇ, ಸ್ಪೇ, ಡೀ ನದಿಗಳು ಹೀಗೆ ಉದ್ದಕ್ಕೂ ಪಾಲಾಗಿವೆ. ಇಂಥ ಒಂದು ಪಾಲಿಗೆ ‘ಬೀಟ್’ ಎಂದು ಹೆಸರು. ಅದರ ಜೊತೆಗೆ ಹಳೆಯ ಕಲ್ಲುಕಟ್ಟಡದ ಲಾಡ್ಜು, ಅಂದರೆ ಮೀನುಬೇಟೆಗೆ ಬಂದವರು ತಂಗುವ ಮನೆ, ಮತ್ತು ಆ ಭಾಗದ ಮಡು, ಸುಳಿ, ಬಂಡೆಗಳನ್ನೆಲ್ಲ ಬಲ್ಲ ‘ಗಿಲ್ಲಿ’ ಎಂಬ ಸಹಾಯಕ ಸೇರಿದರೆ ಒಂದು ಮೀನುಗಾರಿಕೆ ಎಸ್ಟೇಟು ಪೂರ್ಣವಾಗುತ್ತದೆ. ಅದು ಮಾರಾಟಕ್ಕೆ ಬಂದಾಗ ಬೆಲೆ ಕಟ್ಟುವವರು ಎಕರೆ ಎಣಿಸುವುದಕ್ಕೆ ಮೊದಲು, ಹಿಂದಿನ ವರ್ಷಗಳಲ್ಲಿ ಸರಾಸರಿ ಎಷ್ಟು ಸಾಲ್ಮನ್ ಗಾಳಕ್ಕೆ ಬಿದ್ದಿವೆ ಎಂದು ಲೆಕ್ಕದ ಪುಸ್ತಕ ನೋಡುತ್ತಾರೆ. ಇಂಥ ಮನೆಗಳಿಗೆ ಇಂಗ್ಲೆಂಡಿನಲ್ಲಿ ದೀರ್ಘ ಇತಿಹಾಸವೂ ಇದೆ. ಚಾರ್ಲ್ಸ್ ಕಾಟನ್ ಎಂಬ ಕವಿ 1674ರಲ್ಲಿ ಡವ್ ನದಿಯ ದಂಡೆಯಲ್ಲಿ ಕಟ್ಟಿಸಿದ ಪುಟ್ಟ ಮೀನುಮನೆಯ ಬಾಗಿಲ ಮೇಲೆ, ಅವನ ಮತ್ತು ಅವನ ಗೆಳೆಯ ಐಸಾಕ್ ವಾಲ್ಟನ್ನನ ಹೆಸರಿನ ಮೊದಲಕ್ಷರಗಳು ಹೆಣೆದುಕೊಂಡಿವೆ. ಬ್ರಿಟನ್ನಿನಲ್ಲಿ ಗಾಳದಿಂದ ಹಿಡಿದ ಸಾಲ್ಮನ್‌ಗಳ ದಾಖಲೆ ಮಾತ್ರ ಯಾವ ಒಡೆಯನ ಹೆಸರಿನಲ್ಲೂ ಇಲ್ಲ; 1922ರ ಅಕ್ಟೋಬರಿನಲ್ಲಿ ಟೇ ನದಿಯಲ್ಲಿ 64 ಪೌಂಡಿನ ಮೀನನ್ನು ದಡಕ್ಕೆ ತಂದವಳು ಜಾರ್ಜಿನಾ ಬ್ಯಾಲಂಟೈನ್, ಒಬ್ಬ ಗಿಲ್ಲಿಯ ಮಗಳು.

ಇಂಥ ಎಸ್ಟೇಟುಗಳನ್ನು ಕಣ್ಣಾರೆ ಕಂಡು ಮನಸೋತಿದ್ದ, ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ಬಳ್ಳಾರಿ ಮೂಲದ ಕನ್ನಡ ಕುಟುಂಬವೊಂದು, ಸಿರುಗುಪ್ಪದ ಹತ್ತಿರ ಹೊಳೆದಂಡೆಯ ಜಮೀನೊಂದು ಹಳೆಯ ಬಂಗಲೆಯ ಸಮೇತ ಮಾರಾಟಕ್ಕಿದೆ ಎಂದು ಕೇಳಿ, ಅದನ್ನು ನೋಡಿಬರಲು ತೀರ್ಥಹಳ್ಳಿಯ ಆಪ್ತರೊಬ್ಬರಿಗೆ ಹೇಳಿಕಳಿಸಿದ್ದೇ ಇಲ್ಲಿನ ಪ್ರವಾಸಕ್ಕೆ ಕಾರಣ. ಮುಂದೆ ‘ಪ್ರವಾಸಿ’ ಎಂದಿರುವುದು ಆ ಆಪ್ತನನ್ನೇ. ತೀರ್ಥಹಳ್ಳಿಯವರಿಗೆ ಹೊಳೆ ಎಂದರೆ ತುಂಗೆ; ಆ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹೊಸಪೇಟೆಯ ಬಳಿ ಅಣೆಕಟ್ಟಿಗೆ ನಿಂತು, ಹಂಪಿ, ಕಂಪ್ಲಿಗಳನ್ನು ದಾಟಿ ಸಿರುಗುಪ್ಪಕ್ಕೆ ಬರುವುದರಿಂದ, ನೋಡಲು ಹೊರಟದ್ದು ಮನೆ ಮುಂದಿನ ಹೊಳೆಯನ್ನೇ, ಆದರೆ ಬಹಳ ಕೆಳಗೆ. ಪ್ರವಾಸ ಮುಗಿದು ತಿಂಗಳುಗಳು ಕಳೆದಿವೆ. ಅಲ್ಲಿ ಕೇಳಿದ ಎರಡು ಮಾತುಗಳು ಮಾತ್ರ ಇನ್ನೂ ಕಿವಿಯಿಂದ ಇಳಿದಿಲ್ಲ.

ಪ್ರವಾಸ ಶುರುವಾದ ಬಳ್ಳಾರಿ ನಗರ ಬಂಡೆಯ ಊರು, ಹೊಳೆಯ ಊರಲ್ಲ. ಸಂಕ್ರಾಂತಿ ಕಳೆದ ವಾರದ ಬೆಳಗಿನಲ್ಲಿ ಕೋಟೆಗುಡ್ಡದ ಮೇಲೆ ಬಿಸಿಲು ಬಿದ್ದಾಗ ಇಡೀ ಊರು ಆ ಕಲ್ಲಿನ ಬಣ್ಣವನ್ನೇ ಹೊದ್ದುಕೊಂಡಂತೆ ಕಾಣುತ್ತದೆ. ಸ್ವಲ್ಪ ದೂರದಲ್ಲಿ ಹರಿಯಬೇಕಾದ ಹಗರಿ, ಅಂದರೆ ವೇದಾವತಿ, ವರ್ಷದ ಬಹುಪಾಲು ಮರಳೇ. ನಿಜಾಮನು 1800ರಲ್ಲಿ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ, ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದು, ಸರ್ಕಾರವು ಜಮೀನ್ದಾರನನ್ನು ನಡುವೆ ಇಟ್ಟುಕೊಳ್ಳದೆ ನೇರವಾಗಿ ರೈತನಿಂದಲೇ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಈ ಸೀಮೆಯಲ್ಲಿ ಬೆಳೆಸಿದನು. ದೊಡ್ಡ ದಂಡು ಇದ್ದ ಈ ಊರಿನ ಬ್ರಿಟಿಷರು ಬೇಸಿಗೆಯ ತಂಪಿಗೆ ಹೊಳೆಯ ಕಡೆ ನೋಡಲಿಲ್ಲ, ಸಂಡೂರಿನ ರಾಮನದುರ್ಗದ ಬೆಟ್ಟ ಹತ್ತಿ ಬಂಗಲೆ ಕಟ್ಟಿಕೊಂಡರು. ಆದುದರಿಂದ ಸ್ಕಾಟ್ಲೆಂಡಿನಂಥ ಮೀನುಮನೆಗಳ ಪರಂಪರೆ ಇಲ್ಲಿ ಹುಟ್ಟಲಿಲ್ಲ ಎಂದು ಹೇಳಬಹುದಾದರೂ, ನಿಜವಾದ ಕಾರಣ ಇನ್ನೂ ಆಳದ್ದು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸ್ ಪ್ರಾಂತದಲ್ಲಿತ್ತು. ಆ ಪ್ರಾಂತದ 1905ರ ಭೂ ಒತ್ತುವರಿ ಕಾಯ್ದೆ ನದಿ, ಹಳ್ಳ, ಕೆರೆಗಳ ಪಾತ್ರವನ್ನೆಲ್ಲ ಸರ್ಕಾರದ ಸ್ವತ್ತೆಂದು ಸಾರಿತ್ತು. ‘ಪಾತ್ರ’ ಎಂದರೆ ನೀರು ಹರಿಯುವ ತಳದ ನೆಲ. ಇಂದಿಗೂ ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 67ನೆಯ ಕಲಮು ಹೇಳುವುದು ಅದನ್ನೇ. ಇಲ್ಲಿ ದಂಡೆಯನ್ನು ಕೊಳ್ಳಬಹುದು, ಹೊಳೆಯನ್ನು ಕೊಳ್ಳಲಾಗದು.

ಈ ಕಾಯ್ದೆಗಳ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡೇ ಪ್ರವಾಸಿ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ತಿಂದದ್ದು. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನಗಳ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ, ಪಕ್ಕದಲ್ಲಿ ಬಿಸಿ ಮಿರ್ಚಿ ಇಟ್ಟು ಕೊಡುವ ಈ ತಿಂಡಿಯನ್ನು ಇಲ್ಲಿ ತೆಲುಗು ಕನ್ನಡ ಎರಡೂ ಬೆರೆತ ಬಾಯಲ್ಲಿ ಉಗ್ಗಾನಿ ಎಂದೂ ಕರೆಯುತ್ತಾರೆ. ಕಡುಬು, ಕೊಟ್ಟೆ, ತೆಂಗಿನೆಣ್ಣೆಯ ಮಲೆನಾಡಿನ ನಾಲಗೆಗೆ ಆ ಖಾರ ಹೊಸದು. ಕಣ್ಣಲ್ಲಿ ನೀರು ಬಂದರೂ ತಟ್ಟೆ ಖಾಲಿಯಾಯಿತು.

ಅಲ್ಲಿಂದ ಕುರುಗೋಡಿನ ದಾರಿಯಲ್ಲಿ ಮೊದಲು ಕಾಣುವುದು ಎರೆಭೂಮಿ, ಅಂದರೆ ನೀರು ಕುಡಿದರೆ ಉಬ್ಬಿ ಒಣಗಿದರೆ ಗೇಣುಗಟ್ಟಲೆ ಬಿರಿಯುವ ಕಪ್ಪು ಮಣ್ಣು; ಆ ಮಣ್ಣಿನ ನಡುವೆ ಯಾರೋ ಸುರಿದುಹೋದಂತೆ ಬಂಡೆಗುಡ್ಡಗಳು. ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದರು ಆಳಿದ ಕುರುಗೋಡು ಇಂಥ ಗುಡ್ಡದ ಮಡಿಲಲ್ಲೇ ಬೆಳೆದ ಊರು, ಗುಡ್ಡದ ಬುಡದಲ್ಲಿ ಆ ಕಾಲದ ಕಲ್ಲುಗುಡಿಗಳು ಇನ್ನೂ ನಿಂತಿವೆ. ದೊಡ್ಡಬಸವೇಶ್ವರನ ಗುಡಿಯಲ್ಲಿ ಸುಮಾರು 12 ಅಡಿ ಎತ್ತರದ, ಒಂದೇ ಕಲ್ಲಿನ ಬಸವಣ್ಣನೇ ಮೂಲ ದೇವರು. ಶಿವನ ಮುಂದೆ ಕೂತು ಕಾಯುವ ನಂದಿಯಲ್ಲ, ತಾನೇ ಪೂಜೆಗೊಳ್ಳುವ ದೈವ. ಹೊಳೆ ಇಲ್ಲದ ಊರಿನಲ್ಲಿ ನಿಂತು ಹೊಳೆಯ ಬಗ್ಗೆ ಯೋಚಿಸುವುದು ವಿಚಿತ್ರವೆನಿಸಬಹುದು. ಆದರೆ ಈ ಒಣಕಲ್ಲನ್ನು ಕಂಡ ಮೇಲೆಯೇ ಮುಂದೆ ಸಿಕ್ಕ ಕಾಲುವೆಯ ನೀರಿಗೆ ಒಂದು ತೂಕ ಬಂದದ್ದು. ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯ ರೈತರೊಬ್ಬರು, ಸಿರುಗುಪ್ಪಕ್ಕೆ ಜಮೀನು ನೋಡಲು ಹೊರಟವರೆಂದು ತಿಳಿದಾಗ, “ಅಲ್ಲಿ ಹೊಲ ಮಾರೋರು ಯಾಕ ಮಾರ್ತಾರ ಅಂತ ಮೊದ್ಲು ಕೇಳ್ರಿ, ಆಮೇಲೆ ರೇಟ್ ಕೇಳ್ರಿ” ಎಂದರು. ಆ ಬುದ್ಧಿಮಾತನ್ನು ಪಾಲಿಸಿದ್ದರಿಂದಲೇ ಮುಂದಿನ ಸಂಗತಿಗಳು ತಿಳಿದವು.

ತೆಕ್ಕಲಕೋಟೆಯನ್ನು ದಾಟುವಾಗ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. 1960ರ ದಶಕದಲ್ಲಿ ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ ಅಲ್ಲಿನ ಗುಡ್ಡಗಳಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ಜನರ ವಾಸದ ನೆಲೆಗಳನ್ನು ಬಯಲಿಗೆ ತಂದರು ಎಂಬುದನ್ನು ಮಾತ್ರ ನೆನೆದು, ಗಾಡಿ ಮುಂದೆ ಹೋಯಿತು. ಅಲ್ಲಿಂದಾಚೆಗೆ ನೆಲದ ಬಣ್ಣವೇ ಬದಲು. ತುಂಗಭದ್ರಾ ಬಲದಂಡೆ ಕೆಳಮಟ್ಟದ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತದ ಗದ್ದೆ, ಎರಡನೆಯ ಬೆಳೆಯ ನಾಟಿಗೆ ಬಾಗಿದ ಹೆಂಗಸರ ಸಾಲು, ಗದ್ದೆಯ ಬದುವಿನಲ್ಲಿ ಬೆಳ್ಳಕ್ಕಿ, ಊರು ಹತ್ತಿರವಾದಂತೆ ಅಕ್ಕಿ ಗಿರಣಿಗಳ ಚಿಮಣಿ. ಸಿರುಗುಪ್ಪ ಎಂಬ ಹೆಸರನ್ನು ‘ಸಿರಿಯ ಕುಪ್ಪೆ’, ಅಂದರೆ ಸಂಪತ್ತಿನ ರಾಶಿ ಎಂದು ಬಿಡಿಸುತ್ತಾರೆ. ಈ ಸಿರಿ ಅಣೆಕಟ್ಟಿನಿಂದ ಶುರುವಾದದ್ದಲ್ಲ. ವಿಜಯನಗರದ ಕಾಲದಲ್ಲಿ ಹೊಳೆಗೆ ಕಲ್ಲಿನ ಅಡ್ಡಕಟ್ಟೆ ಹಾಕಿ ತಿರುಗಿಸಿದ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆಗಳು ಅದಕ್ಕೂ ಮೊದಲೇ ಈ ಗದ್ದೆಗಳಿಗೆ ನೀರುಣಿಸುತ್ತಿದ್ದವು. ಇಲ್ಲಿ ಹೊಳೆ ಎರಡು ಕವಲಾಗಿ ಒಡೆದು ದೊಡ್ಡ ನಡುಗಡ್ಡೆಯೊಂದನ್ನು ಬಳಸಿ ಹರಿಯುತ್ತದೆ, ದೇಶನೂರು ಆ ಗಡ್ಡೆಯ ಮೇಲಿನ ಊರು.

ಜಮೀನು ಊರಿನ ಹೊರಗೆ, ಹೊಳೆಗೆ ತಾಗಿಕೊಂಡೇ ಇತ್ತು. ಜಮೀನು ತೋರಿಸಲು ಬಂದ ದಲ್ಲಾಳಿ ‘ಬಂಗಲೆ’ ಎಂದು ಕರೆದದ್ದು ನಿಜಕ್ಕೂ ಮೂರು ಅಂಕಣದ ಒಂದು ಹಳೆಯ ಮನೆ: ಮುಂದೆ ಕಲ್ಲುಕಂಬದ ಪಡಸಾಲೆ, ಒಳಗೆ ಮದ್ರಾಸ್ ತಾರಸಿ. ಮದ್ರಾಸ್ ತಾರಸಿ ಎಂದರೆ ತೇಗದ ತೊಲೆಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಿಗಿದು, ಮೇಲೆ ಗಚ್ಚು ಬಡಿದು ಕಟ್ಟುವ ಮಾಳಿಗೆ. ಕೆಳಗೆ ನಿಂತು ನೋಡಿದರೆ ಇಟ್ಟಿಗೆಯ ಸಾಲು ಚಾಪೆಯ ಹೆಣಿಗೆಯಂತೆ ಕಾಣುತ್ತದೆ. ನಡುಕೋಣೆಯ ತೊಲೆಯಲ್ಲಿ ಎರಡು ಕಬ್ಬಿಣದ ಕೊಕ್ಕೆಗಳಿದ್ದವು. ಪಂಕಾ ತೂಗಲು ಹಾಕಿದ್ದವು ಅವು, ಆದ್ದರಿಂದ ಇದು ದೊರೆಗಳು ಮೀನುಬೇಟೆಗೆ ಬಂದು ಇಳಿಯುತ್ತಿದ್ದ ಮನೆ ಎಂಬುದು ದಲ್ಲಾಳಿಯ ವಾದ. ಬೇರೆ ಕಾಗದಪತ್ರ ಯಾವುದೂ ಇರಲಿಲ್ಲ. ತೊಟ್ಟಿಲು ಕಟ್ಟಲೂ ಅಂಥ ಕೊಕ್ಕೆಯೇ ಬೇಕು, ಮತ್ತು ಮರದ ಮೇಲೆ ಹಗ್ಗ ತೀಡಿದ ಗುರುತು ನೋಡಿದರೆ ಅಲ್ಲಿ ಹಲವು ಕೂಸುಗಳು ಮಲಗಿ ಎದ್ದಿರುವುದೇ ಹೆಚ್ಚು ನಂಬತಕ್ಕದ್ದು. ಗೋಡೆಯ ಮೇಲೆ ಎದೆಮಟ್ಟಕ್ಕೆ ಕಂದು ಗೆರೆಯೊಂದು ಎಳೆದಂತಿತ್ತು. ಹೊಳೆ ತುಂಬಿದಾಗ ನೀರು ಬಂದು ನಿಂತ ಗುರುತು ಅದು. ಯಾಕೆ ಮಾರುತ್ತಿದ್ದಾರೆಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಇನ್ನರ್ಧ, ಮಕ್ಕಳೆಲ್ಲ ಬೆಂಗಳೂರು ಹೈದರಾಬಾದು ಸೇರಿದ್ದು.

ಮೇರೆ ತೋರಿಸಲು ದಲ್ಲಾಳಿ ದಂಡೆಗೆ ಕರೆದೊಯ್ದನು. ಜಮೀನಿನ ಕೊನೆಯ ಮೂಲೆಯ ಸರ್ವೆ ಕಲ್ಲು, ಅಂದರೆ ಅಳತೆಯವರು ಮೇರೆಗೆ ನೆಟ್ಟ ಗುರುತಿನ ಕಲ್ಲು, ನೀರಿನಲ್ಲಿ ನಿಂತಿತ್ತು. ವರ್ಷ ವರ್ಷದ ಪ್ರವಾಹ ದಂಡೆಯನ್ನು ಕೊರೆದು, ಕಲ್ಲಿನ ಹಿಂದಿನ ಮಣ್ಣನ್ನೂ ತಿಂದು, ಮೂರು ನಾಲ್ಕು ಮಾರು ಒಳಗೆ ಬಂದಿತ್ತು. ಕ್ರಯ ಮಾತ್ರ ಕಲ್ಲಿನವರೆಗಿನ ಲೆಕ್ಕಕ್ಕೇ. ಆಗ ಅವನು ಸಂಕೋಚವಿಲ್ಲದೆ ಹೇಳಿದ ಮಾತು: “ಹೊಲಕ್ಕಷ್ಟೇ ರೊಕ್ಕ ಸರ್, ಹೊಳೆ ಫ್ರೀ.” ಅವನು ಮೋಸಗಾರನಲ್ಲ, ಬಾಯಿಗೆ ಬಂದ ಮಾತನ್ನು ಒಳ್ಳೆಯ ಮನಸ್ಸಿನಿಂದಲೇ ಆಡಿದವನು. ಆದರೂ ಆ ಬೆಲೆಯಲ್ಲಿ ಮುಕ್ಕಾಲುಪಾಲು ಹೊಳೆಯದೇ ಎಂಬುದು ಅವನಿಗೂ ಗೊತ್ತಿತ್ತು. ಅದೇ ವಿಸ್ತೀರ್ಣದ, ಹೊಳೆ ಕಾಣದ ಹೊಲವನ್ನು ಅವನು ಆ ಬೆಲೆಗೆ ಯಾರಿಗೂ ತೋರಿಸುತ್ತಿರಲಿಲ್ಲ.

ಎರಡನೆಯ ಮಾತು ಕೇಳಿಬಂದದ್ದು ನೀರಿನ ಕಡೆಯಿಂದ. ಸರ್ವೆ ಕಲ್ಲಿಗೆ ಹಗ್ಗ ಬಿಗಿದು ಹರಿಗೋಲೊಂದನ್ನು ಕಟ್ಟಿದ್ದರು. ಹರಿಗೋಲು ಎಂದರೆ ಬಿದಿರಿನ ದಬ್ಬೆಯನ್ನು ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮ ಹೊದಿಸುತ್ತಿದ್ದ, ಈಗ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿಯುವ ದುಂಡು ದೋಣಿ. ಅದರಲ್ಲಿ ಕೂತು ಬಲೆ ಬಿಡಿಸುತ್ತಿದ್ದ, ಅರವತ್ತು ದಾಟಿದ ಬೆಸ್ತರ ಹಿರಿಯರು ಮಾತು ಪೂರ್ತಿ ಕೇಳಿಸಿಕೊಂಡು, ತಲೆ ಎತ್ತದೆ ಕೇಳಿದರು: “ತಗೊಂಡೋರು ಬೇಲಿ ಹಾಕ್ತಾರೇನ್ರಿ? ಹಾಕಿದ್ರ ನಾವು ಹರಿಗೋಲು ಎಲ್ಲಿ ಹಚ್ಚಬೇಕ್ರಿ?” ಪ್ರವಾಸಿಯಾಗಲಿ ದಲ್ಲಾಳಿಯಾಗಲಿ ಉತ್ತರ ಕೊಡಲಿಲ್ಲ. ಚೀಲದಲ್ಲಿದ್ದ ಎರಡೂ ಕಾಯ್ದೆಗಳು ಹೊಳೆ ಸರ್ಕಾರದ್ದು, ಎಂದರೆ ಎಲ್ಲರದು ಎನ್ನುತ್ತಿದ್ದವು; ಎಲ್ಲರದಾದ ಹೊಳೆಗೆ ಇಳಿಯುವ ದಾರಿ ಯಾರದು ಎಂಬುದಕ್ಕೆ ಅವುಗಳಲ್ಲಿ ಜವಾಬು ಇರಲಿಲ್ಲ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ಪಕ್ಕದ ಜಮೀನು ಯಾರದೇ ಆಗಿರಲಿ, ಹೊಳೆಯ ಸಾಮಾನ್ಯ ತುಂಬುಗೆರೆಯ ಒಳಗೆ ಜನ ನಡೆಯಬಹುದು, ಮೀನು ಹಿಡಿಯಬಹುದು ಎಂದು 1985ರಲ್ಲಿ ಕಾಯ್ದೆ ಮಾಡಿದ್ದಾರೆ. ಅಲ್ಲಿಯೂ ಖಾಸಗಿ ಹೊಲ ದಾಟಿ ನೀರಿಗೆ ಹೋಗಲು ಅನುಮತಿಯೇ ಬೇಕು. ಈ ಹಿರಿಯರ ಪ್ರಶ್ನೆ ಅಲ್ಲಿಯೂ ಉಳಿಯುವಂಥದು.

ಮಧ್ಯಾಹ್ನದ ಊಟ ಅವರ ಮನೆಯಲ್ಲೇ ಆಯಿತು. ಬಲೆಗೆ ಸಿಕ್ಕಿದ್ದರಲ್ಲಿ ಹೆಚ್ಚಿನವು ಜಿಲೇಬಿ ಮೀನು, ಅಂದರೆ 1950ರ ದಶಕದಲ್ಲಿ ಭಾರತಕ್ಕೆ ಬಂದ, ಆಫ್ರಿಕಾ ಮೂಲದ ತಿಲಾಪಿಯಾ. ಒಂದೇ ಒಂದು ಕೊರಮೀನು ಬೇರೆ ಬುಟ್ಟಿಯಲ್ಲಿ ಜೀವಂತ ಒದ್ದಾಡುತ್ತಿತ್ತು, ಅದು ಮಾರಾಟಕ್ಕೆ. ಮನೆಯಾಕೆ ಮೀನಿಗೆ ಬೂದಿ ಹಚ್ಚಿ, ಕುಡುಗೋಲಿನ ಮೇಲೆ ಹುರುಪೆ ತೆಗೆದು, ಉಪ್ಪು ಅರಿಸಿನ ತಿಕ್ಕಿ ಮೂರು ಸಲ ತೊಳೆದರು; ಹುಣಸೆ ರಸ, ಕೆಂಪುಖಾರ, ಜಜ್ಜಿದ ಬೆಳ್ಳುಳ್ಳಿ ಕುದಿಯುತ್ತಿದ್ದ ಮಡಕೆಗೆ ತುಂಡುಗಳನ್ನು ಇಳಿಬಿಟ್ಟ ಮೇಲೆ ಸೌಟು ಹಾಕದೆ ಮಡಕೆಯನ್ನೇ ಬಟ್ಟೆಯಿಂದ ಹಿಡಿದು ತಿರುಗಿಸಿದರು. ಮಲೆನಾಡಿನಲ್ಲಿ ಇದೇ ಸಾರಿಗೆ ತೆಂಗಿನಕಾಯಿ ಅರೆದು ಹಾಕಿ, ವಾಟೆಹುಳಿ ಸೇರಿಸುತ್ತಾರೆ. ಇಲ್ಲಿನ ಸಾರು ತೆಳ್ಳಗೆ, ಕೆಂಪಗೆ. ಜೋಳದ ರೊಟ್ಟಿ ಅದನ್ನು ಹೀರಿಕೊಳ್ಳುವುದು ನೋಡಿದರೆ ಒಂದಕ್ಕೊಂದು ಹುಟ್ಟಿದ್ದೇ ಹೀಗೆ ಎನಿಸುತ್ತದೆ. “ಇನ್ನೊಂದು ರೊಟ್ಟಿ ಹಾಕ್ಕೋ ಯಪ್ಪಾ, ಹೊಳೆದಂಡಿಗೆ ಬಂದು ಹಸಗೊಂಡು ಹೋಗಬಾರ್ದು” ಎಂದು ಆಕೆ ಒತ್ತಾಯ ಮಾಡಿದರು.

ಊಟದ ನಡುವೆ ಹಿರಿಯರು ತಮ್ಮ ತಂದೆಯ ಕಾಲದಲ್ಲಿದ್ದ ಮೀನುಗಳ ಹೆಸರು ಹೇಳುತ್ತಾ ಹೋದರು. ಬಾಳೆಮೀನು ಈಗಲೂ ಅಪರೂಪಕ್ಕೆ ಸಿಗುತ್ತದೆ. ನೀರಿನ ಸಸ್ಯಗಳನ್ನು ಮೇಯ್ದು ಬೆಳೆಯುವ ಹರಗಿಯನ್ನು ಅವರ ಮಕ್ಕಳು ನೋಡಿಯೇ ಇಲ್ಲ. 1945ರಲ್ಲಿ ಅಡಿಗಲ್ಲು ಹಾಕಿ 1953ರ ಹೊತ್ತಿಗೆ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟು ಗದ್ದೆಗೆ ಅನ್ನ ಕೊಟ್ಟಿತು, ಅದೇ ಸಮಯಕ್ಕೆ ಮೊಟ್ಟೆಯಿಡಲು ಹೊಳೆಯೇರುವ ಮೀನಿನ ದಾರಿಯನ್ನು ಕಡಿಯಿತು. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಈ ದಂಡೆಯವರು ನಿದ್ದೆಗೆಟ್ಟದ್ದನ್ನು ಅವರು ಹೇಳಿದ ರೀತಿಯಲ್ಲಿ ದೂರಿರಲಿಲ್ಲ; ಮನೆಯ ಹಿರಿಯರ ಕಾಯಿಲೆಯ ಬಗ್ಗೆ ಹೇಳುವ ಕಾಳಜಿ ಇತ್ತು. ಮದ್ದು ಸಿಡಿಸಿ ಮೀನು ಹಿಡಿಯುವವರ ಮಾತು ಬಂದಾಗ ಮಾತ್ರ ಅವರ ದನಿ ಗಡುಸಾಯಿತು. ಇದು ಹಳೆಯ ರೋಗ. ಮದ್ರಾಸ್ ಪ್ರಾಂತದ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್, ಗಾಳದ ಮೀನುಬೇಟೆಯ ಬಗ್ಗೆ 1873ರಲ್ಲಿ ಹೆಸರಾಂತ ಇಂಗ್ಲಿಷ್ ಪುಸ್ತಕ ಪ್ರಕಟಿಸಿದವನು, ಮೀನುಮರಿಗಳ ನಾಶವನ್ನು ತಡೆಯಬೇಕೆಂದು ಅಷ್ಟು ಹಿಂದೆಯೇ ವಾದಿಸಿದ್ದನು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿನಲ್ಲಿ ಸ್ಫೋಟಕ ಸಿಡಿಸುವುದನ್ನೂ ವಿಷ ಹಾಕುವುದನ್ನೂ ಅಪರಾಧವೆಂದಿತು.

ಊಟವಾದ ಮೇಲೆ ಹಿರಿಯರು, “ನಿಮ್ಮ ಕಡೆ ಹೊಳ್ಯಾಗ ಮೀನು ಹೆಂಗ್ರಿ?” ಎಂದು ಕೇಳಿದ್ದು ಪ್ರವಾಸಿಯನ್ನು ಊರಿಗೆ ಒಯ್ದಿತು. ಶೃಂಗೇರಿಯ ತುಂಗೆಯ ಮೆಟ್ಟಿಲಲ್ಲಿ ಯಾತ್ರಿಕರು ಮಂಡಕ್ಕಿ ಎರಚುತ್ತಾರೆ, ಕೈಯುದ್ದದ ಮೀನುಗಳು ಹಿಂಡುಗಟ್ಟಿ ಬರುತ್ತವೆ, ಯಾರೂ ಹಿಡಿಯುವುದಿಲ್ಲ; ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲೂ ಹಾಗೆಯೇ. ಅವು ದೇವರ ಮೀನು. ದೇವರ ಕಾವಲೂ ಎಲ್ಲ ಕಾಲಕ್ಕೂ ಸಾಲದು: ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ 1996ರಲ್ಲಿ ಯಾರೋ ಕಪಿಲಾ ಹೊಳೆಗೆ ವಿಷ ಹಾಕಿ ಸಾವಿರಾರು ದೇವರ ಮೀನುಗಳು ಸತ್ತವು. ಒಂದೇ ನೀರು ಮೇಲೆ ದೇವರ ಹೆಸರಿನಲ್ಲಿ ಕಾಯಲ್ಪಟ್ಟು, ಕಂಪ್ಲಿಯವರೆಗಿನ 34 ಕಿಲೋಮೀಟರು 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರದ ಕಾವಲಿನಲ್ಲಿದ್ದು, ಸಿರುಗುಪ್ಪಕ್ಕೆ ಬರುವಾಗ ಬೆಸ್ತರ ಕೈಗೆ ಬರುತ್ತದೆ. ಈ ಮೂರರಲ್ಲಿ ಯಾವುದೂ ಸ್ಕಾಟ್ಲೆಂಡಿನ ಬೀಟಿನಂತಲ್ಲ.

ಅದಕ್ಕೆ ಹತ್ತಿರವಾದದ್ದು ಕರ್ನಾಟಕದಲ್ಲಿ ಒಂದು ಕಾಲಕ್ಕೆ ಇತ್ತೆಂದರೆ ಅದು ಕಾವೇರಿಯಲ್ಲಿ. ಮೈಸೂರಿನ ವ್ಯಾನ್ ಇಂಜೆನ್ ಮನೆತನದ ಡಿ ವೆಟ್ ವ್ಯಾನ್ ಇಂಜೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನನ್ನು, ಅಂದರೆ ಮಹಶೀರನ್ನು, ಗಾಳದಲ್ಲಿ ಹಿಡಿದಿದ್ದನು. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸಿದ ಶಿಬಿರಗಳಿಗೆ ಲೋಕದ ಮೂಲೆಮೂಲೆಯಿಂದ ಗಾಳದವರು ಬಂದರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಸ್ಥಳೀಯರೇ ಕಾವಲುಗಾರರಾಗಿ, ಗಿಲ್ಲಿಗಳಾಗಿ, ರಾಗಿ ಮುದ್ದೆಯನ್ನು ಗಟ್ಟಿಯಾಗಿ ಬೇಯಿಸಿ ಕೊಕ್ಕೆಗೆ ಮೆತ್ತಿಕೊಟ್ಟರು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡುವುದು ನಿಯಮವಾಗಿತ್ತು. ಅದು ವನ್ಯಜೀವಿಧಾಮದ ಒಳಗಿನ ನೀರಾದ್ದರಿಂದ, ಗಾಳ ಹಾಕುವುದೂ ಬೇಟೆಯೇ ಎಂಬ ಕಾನೂನಿನ ಅರ್ಥದಂತೆ 2010ರ ನಂತರದ ವರ್ಷಗಳಲ್ಲಿ ಅದು ನಿಂತುಹೋಯಿತು. ಆ ಗೂನುಬೆನ್ನಿನ ಮಹಶೀರಿಗೆ ನಿಖರವಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಅತಿ ಗಂಭೀರ ವರ್ಗಕ್ಕೆ ಸೇರಿತು. ಶಿಬಿರಗಳನ್ನು ಮುಚ್ಚಿದ್ದು ಮೀನಿಗೆ ಒಳಿತಾಯಿತೇ ಎಂಬ ವಾದ ಮುಗಿದಿಲ್ಲ. ಆದರೆ ರಾಗಿ ಮೆತ್ತುತ್ತಿದ್ದ ಆ ಕೈಗಳಿಗೆ ಕೆಲಸ ಇಲ್ಲವಾದದ್ದು ದೊಡ್ಡ ನಷ್ಟ. ನೀರನ್ನು ಕಾಯುವವರು ನೀರನ್ನು ಬಲ್ಲವರೇ ಆಗಿರಬೇಕು.

ದಂಡೆಯ ಮೇಲಿನ ಆಸೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಇದೇ ಹೊಳೆಯಲ್ಲಿ ಮೇಲ್ಗಡೆ ಇನ್ನೊಂದು ನಡುಗಡ್ಡೆ ಸಾಕ್ಷಿ. ಹಂಪಿಯ ಎದುರಿನ ವಿರೂಪಾಪುರಗಡ್ಡೆಯಲ್ಲಿ ಗದ್ದೆಗಳ ನಡುವೆ ಎದ್ದಿದ್ದ ರೆಸಾರ್ಟುಗಳು ಸಂರಕ್ಷಿತ ಪ್ರದೇಶದಲ್ಲಿ ಅಕ್ರಮವಾಗಿ ಕಟ್ಟಿದವು ಎಂಬ ತೀರ್ಪನ್ನು ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು, ಮುಂದಿನ ತಿಂಗಳೇ ಅವನ್ನು ಕೆಡವಲಾಯಿತು. ಅದೇ ವರ್ಷ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ 79ಎ ಮತ್ತು 79ಬಿ ಕಲಮುಗಳು ರದ್ದಾದವು. ಒಂದು ದಂಡೆಯಲ್ಲಿ ಕಟ್ಟಡ ಬೀಳುವಾಗ ಎಲ್ಲ ದಂಡೆಗಳ ಬಾಗಿಲು ತೆರೆಯಿತು. ಆ ದಿನವೆಲ್ಲ ದಲ್ಲಾಳಿಯ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಸಂಜೆ ಸಿಂಧನೂರು ರಸ್ತೆಯ ಸೇತುವೆಯ ಮೇಲೆ ನಿಂತಾಗ, ಆಚೆ ದಡದಲ್ಲಿ ದಢೇಸುಗೂರಿನ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಹೊಳೆ ಮಲೆನಾಡಿನಲ್ಲಿ ಇರುವಂತೆ ಬಂಡೆಗೆ ಬಡಿದು ಸದ್ದು ಮಾಡುವುದಿಲ್ಲ ಇಲ್ಲಿ. ಅಗಲವಾಗಿ, ಸ್ವಲ್ಪ ಹಸಿರು ತಿರುಗಿ, ಗದ್ದೆಗಳಿಂದ ಬಸಿದು ಬಂದ ನೀರನ್ನೆಲ್ಲ ಹೊತ್ತು ನಿಧಾನ ಸಾಗುತ್ತದೆ. ಸ್ಕಾಟ್ಲೆಂಡಿನ ಕುಟುಂಬಕ್ಕೆ ಆ ರಾತ್ರಿಯೇ ಬರೆದ ಪತ್ರದಲ್ಲಿ ತೇಗದ ತೊಲೆ, ಇಟ್ಟಿಗೆಯ ಹೆಣಿಗೆ, ಗೋಡೆಯ ಮೇಲಿನ ನೀರಿನ ಗೆರೆ ಎಲ್ಲವನ್ನೂ ವಿವರಿಸಿ, ಕೊಳ್ಳುವುದಾದರೆ ದಂಡೆಯ ಉದ್ದಕ್ಕೂ ಕಾಲುದಾರಿಗೂ ಹರಿಗೋಲು ಹಚ್ಚುವ ಜಾಗಕ್ಕೂ ಕ್ರಯಪತ್ರದಲ್ಲೇ ನೆಲ ಬಿಟ್ಟುಕೊಡಬೇಕೆಂದು ಸೇರಿಸಲಾಯಿತು. ಅವರು ಇನ್ನೂ ಯೋಚಿಸುತ್ತಿದ್ದಾರೆ.

ಮರುದಿನ ಬೆಳಿಗ್ಗೆ ಹೊರಡುವ ಮೊದಲು ಮತ್ತೊಮ್ಮೆ ದಂಡೆಗೆ ಹೋದಾಗ ಮಂಜು ಇನ್ನೂ ಎದ್ದಿರಲಿಲ್ಲ. ಹಿರಿಯರು ಮೊಣಕಾಲುದ್ದ ನೀರಿನಲ್ಲಿ ನಿಂತು ಸರ್ವೆ ಕಲ್ಲಿನಿಂದ ಹಗ್ಗ ಬಿಚ್ಚುತ್ತಿದ್ದರು. ಹಗ್ಗ ತೀಡಿ ತೀಡಿ ಕಲ್ಲಿನ ಕೊರಳಲ್ಲಿ ಬೆರಳಗಲದ ಕಚ್ಚು ಬಿದ್ದಿತ್ತು. ಹಗ್ಗವನ್ನು ಸುರುಳಿ ಸುತ್ತಿ ಒಳಗೆಸೆದು, ಹುಟ್ಟಿನಿಂದ ಕಲ್ಲನ್ನೇ ಒಮ್ಮೆ ತಳ್ಳಿ, ಅವರು ದೇಶನೂರಿನ ಕಡೆಗೆ ತಿರುಗಿದರು.